ರಾಗಿ ಬಿಯರ್‌ನಲ್ಲಿ ಬಾರ್ಲಿ ಇದೆಯೇ, ಮೊದಲು ಕೇಳಿ

‘ರಾಗಿ ಬಿಯರ್ ಆದ್ರೆ ಪರವಾಗಿಲ್ಲ ಅಲ್ವಾ ಡಾಕ್ಟ್ರೇ?’ ಸೀಲಿಯಾಕ್ ಇರುವವರು, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕರುಳನ್ನು ಹಾಳುಮಾಡುವ ರೋಗ ಇರುವವರು, ಇದನ್ನು ಕೇಳುತ್ತಲೇ ಇರುತ್ತಾರೆ, ಅದೂ ಬಹುತೇಕ ಕುಡಿದು ಬಂದ ಮೇಲೆ. ಬೆಂಗಳೂರಿನ ಮೈಕ್ರೋಬ್ರೂವರಿಯ ಬೋರ್ಡಿನಲ್ಲಿ ರಾಗಿ ಎಂದಿದ್ದರೂ ಒಳಗಿರುವುದು ಸಾಮಾನ್ಯವಾಗಿ ಬಾರ್ಲಿ ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಕಾಳು), ಜೊತೆಗೆ ಒಂದಿಷ್ಟು ರಾಗಿ. ಅಕ್ಕಿ, ಮೆಕ್ಕೆಜೋಳ ಬೆರೆಸಿದ ಲಾಗರ್‌ಗಳೂ ಹಾಗೇ. ಬ್ರೂವರ್‌ಗಳು ಬಾರ್ಲಿ ಬಿಡದಿರಲು ಕಾರಣವಿದೆ: ಅದರ ಪಿಷ್ಟ 60–65 ಡಿಗ್ರಿಯಲ್ಲಿ ಬಿರಿಯುತ್ತದೆ, ಅದನ್ನು ಸಕ್ಕರೆ ಮಾಡುವ ಕಿಣ್ವಗಳೂ ಆ ಬಿಸಿಯಲ್ಲಿ ಬದುಕಿರುತ್ತವೆ. ಸಿರಿಧಾನ್ಯಕ್ಕೆ ಸುಮಾರು 70 ದಾಟಬೇಕು. ಅಷ್ಟರಲ್ಲಿ ಒಂದು ಮುಖ್ಯ ಕಿಣ್ವದ ಕತೆ ಮುಗಿದಿರುತ್ತದೆ. ಬಾರ್ಲಿಯ ಹೊಟ್ಟು ಜರಡಿಯಾಗಿಯೂ ನಿಲ್ಲುತ್ತದೆ. ಬಾರ್ಲಿ ಇಲ್ಲದೆ ಮಾಡಲು ಸಾಮಾನ್ಯವಾಗಿ ಹೊರಗಿನಿಂದ ಕಿಣ್ವ ಹಾಕಬೇಕು, ಸೋಸಲು ಭತ್ತದ ಹೊಟ್ಟು ಬೆರೆಸಬೇಕು.

ಎಷ್ಟು ಹೇಳಿದರೂ ತಲೆಗೆ ಹತ್ತದ ವಿಷಯ ಇನ್ನೊಂದು: ಗ್ಲುಟೆನ್ ‘ತೆಗೆದ’ ಬಿಯರ್ ಬೇರೆ, ಗ್ಲುಟೆನ್ ‘ಇಲ್ಲದ’ ಬಿಯರ್ ಬೇರೆ. ಮೊದಲನೆಯದನ್ನು ಬಾರ್ಲಿಯಿಂದಲೇ ಮಾಡಿ, ಹುದುಗುವಾಗ ಕಿಣ್ವ ಹಾಕಿ ಗ್ಲುಟೆನ್ ಪ್ರೋಟೀನನ್ನು ತುಂಡರಿಸುತ್ತಾರೆ. ತುಂಡುಗಳು ಎಲ್ಲಿಗೂ ಹೋಗುವುದಿಲ್ಲ. ಕರುಳನ್ನು ಕೆರಳಿಸುವ ತುಂಡು ಉಳಿದಿದೆಯೇ ಎಂದು ಪರೀಕ್ಷೆ ಖಚಿತವಾಗಿ ಹೇಳಲಾರದು. ಒಂದು ಬಗೆಯ ಪರೀಕ್ಷೆಗೆ ಪ್ರೋಟೀನಿನಲ್ಲಿ ಕಚ್ಚಿ ಹಿಡಿಯಲು ಎರಡು ಜಾಗ ಬೇಕು. ಸಣ್ಣ ತುಂಡಿನಲ್ಲಿ ಒಂದೇ ಇದ್ದರೆ ಅದು ತಪ್ಪಿಸಿಕೊಳ್ಳುತ್ತದೆ. ಇನ್ನೊಂದು ಬಗೆಗೆ ಅಂಥ ಒಂದೇ ಜಾಗ ಸಾಕು; ಆದರೂ ಬಂದ ಅಂಕಿಯೇ ಅಭಯವಲ್ಲ. ಯುರೋಪಿನಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಬಾರ್ಲಿ ಬಿಯರ್‌ಗೂ ‘ಗ್ಲುಟೆನ್-ಫ್ರೀ’ ಚೀಟಿ ಹಚ್ಚಬಹುದು. ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ನಿಯಮದಲ್ಲಿ, ಹುದುಗುವ ಮೊದಲೇ ಸಾಮಗ್ರಿ ಗ್ಲುಟೆನ್-ಮುಕ್ತವಾಗಿರಬೇಕು ಎಂದಿದೆ. ಹೊಟ್ಟೆ ನೋಯಲಿಲ್ಲ ಎಂಬುದೂ ಸಾಕ್ಷಿಯಲ್ಲ. ಕರುಳು ಸದ್ದಿಲ್ಲದೆ ಸವೆಯಬಹುದು. ಸೀಲಿಯಾಕ್ ಇರುವವರಿಗೆ ನನ್ನ ಸಲಹೆ ಎರಡನೆಯದೇ: ಗ್ಲುಟೆನ್ ಇಲ್ಲದ ಧಾನ್ಯದಿಂದಲೇ ಮಾಡಿದ ಬಿಯರ್.

ಈಗ ರುಚಿ. ಚೀಟಿಯಲ್ಲಿ ಜೋಳದ ಸಿರಪ್ ಮಾತ್ರ ಇದ್ದರೆ ಹುಳಿಯ ಜೊತೆ ಲೋಹದ ಒಗರು ಬರಬಹುದು, ನೊರೆ ಬೇಗ ಇಳಿಯಬಹುದು. ತೆಳು ಲಾಗರ್‌ನಲ್ಲಿ ಆ ದೋಷ ಎದ್ದು ಕಾಣುತ್ತದೆ. ಐಪಿಎ ಎಂಬ ಕಹಿ ಬಿಯರ್ ಆದರೆ ಹಾಪ್ಸ್ ಹೂವಿನ ಕಹಿ ಆ ದೋಷವನ್ನು ಮುಚ್ಚುತ್ತದೆ. ಸಿರಿಧಾನ್ಯದ ಮಾಲ್ಟು, ಜೊತೆಗೆ ಬಕ್‌ವೀಟ್ ಇದ್ದರೆ ಮೈ ತುಂಬಿಕೊಂಡಿರುತ್ತದೆ. ಬಕ್‌ವೀಟ್ ನಮ್ಮ ಉತ್ತರದವರ ಕುಟ್ಟು; ಹೆಸರಿನಲ್ಲಿ ವೀಟ್ ಇದ್ದರೂ ಗೋಧಿಗೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಸಿಯಾಟಲ್‌ನ ಘೋಸ್ಟ್‌ಫಿಶ್, ಮಾಂಟ್ರಿಯಲ್‌ನ ಗ್ಲುಟೆನ್‌ಬರ್ಗ್ ಎಂಬ ಗ್ಲುಟೆನ್ ಇಲ್ಲದ ಬಿಯರ್ ಮಾಡುವ ಬ್ರೂವರಿಗಳಿವೆ. ಪೋರ್ಟ್‌ಲ್ಯಾಂಡ್‌ನ ಗ್ರೌಂಡ್ ಬ್ರೇಕರ್ ಹುರಿದ ಚೆಸ್ಟ್‌ನಟ್, ಮಸೂರ ಬೇಳೆ ಹಾಕಿ ಬಿಯರ್ ಮಾಡಿದೆ. ಬೇಳೆ ಬಿಯರ್ ಎಂದು ನಗಬೇಡಿ, ಕುಡಿದು ನೋಡಿ. ಹಾಪ್ಸ್ ಹೆಚ್ಚಿರುವುದನ್ನು ತಯಾರಾಗಿ ಮೂರು ತಿಂಗಳೊಳಗೆ ಕುಡಿಯಿರಿ. ಸಿರಪ್ಪಿನದಾದರೆ 4–5 ಡಿಗ್ರಿಗೆ ತಂಪು ಮಾಡಿ, ಮಾಲ್ಟಿನದಾದರೆ 8–10ಕ್ಕೆ ಬರಲಿ. ತೀರಾ ತಣ್ಣಗಾದರೆ ಅದರ ಪರಿಮಳವೇ ಏಳುವುದಿಲ್ಲ.

ಬಾರಿನಲ್ಲಿ ನಲ್ಲಿ ಬಿಯರ್ ಬೇಡ: ನಿನ್ನೆ ಗೋಧಿ ಬಿಯರ್ ಹರಿದ ಪೈಪಿನಲ್ಲೇ ಇಂದು ನಿಮ್ಮದು ಬರಬಹುದು. ಸೀಲ್ ಇರುವ ಕ್ಯಾನೋ ಬಾಟಲಿಯೋ ಕೇಳಿ, ತೊಳೆದ ಲೋಟ ಕೇಳಿ. ಈಗಷ್ಟೇ ರೋಗ ಗೊತ್ತಾದವರು ಮೊದಲು ನಿಮ್ಮ ವೈದ್ಯರನ್ನು ವಿಚಾರಿಸಿ. ಕರುಳು ಮಾಯುತ್ತಿರುವಾಗ ಯಾವ ಮದ್ಯವೂ ಅವಸರದ್ದಲ್ಲ.