ತುಂಬಾ ಹೊತ್ತು ಕೊಡದ ಸ್ಲಾಟ್ ಮೆಷಿನ್ ಇನ್ನೇನು ಕೊಡುತ್ತೆ ಅನ್ನೋದು ನಿಜವಾ?

ಪ್ರಶ್ನೆ: ಮಗನ ಮನೆಗೆಂದು ಅಮೆರಿಕಕ್ಕೆ ಹೊರಟಿದ್ದೇವೆ. ಎರಡು ದಿನ ಲಾಸ್ ವೇಗಸ್‌ನಲ್ಲಿರುತ್ತೇವೆ. ಅಲ್ಲಿನ ಕ್ಯಾಸಿನೊಗಳಲ್ಲಿ ದುಡ್ಡು ಹಾಕಿ ಬಟನ್ ಒತ್ತಿ ಆಡುವ ಸ್ಲಾಟ್ ಮೆಷಿನ್ ಇರುತ್ತಲ್ಲ, ತುಂಬಾ ಹೊತ್ತಿನಿಂದ ಯಾರಿಗೂ ದುಡ್ಡು ಕೊಡದ ಮೆಷಿನ್ ನೋಡಿ ಕೂತ್ಕೊಳ್ಳಿ ಅಂತ ಸ್ನೇಹಿತರು ಹೇಳಿದರು. ನಿಜವಾ? ಯಾವುದನ್ನು ಆಡೋದು ಒಳ್ಳೇದು?

ಉತ್ತರ: ಸುಳ್ಳು. ಮೆಷಿನ್‌ಗೆ ಹಿಂದಿನ ಆಟದ ಲೆಕ್ಕವೇ ಇರುವುದಿಲ್ಲ. ಒಳಗಿನ ಚಿಪ್ ಬಿಡುವಿಲ್ಲದೆ ಸಂಖ್ಯೆಗಳನ್ನು ಉದುರಿಸುತ್ತಿರುತ್ತದೆ. ನೀವು ಬಟನ್ ಒತ್ತಿದ ಕ್ಷಣಕ್ಕೇ ಸೋಲು ಗೆಲುವು ತೀರ್ಮಾನವಾಗಿಬಿಟ್ಟಿರುತ್ತದೆ. ಆಮೇಲೆ ರೀಲ್ (ಚಿಹ್ನೆಗಳಿರುವ ಚಕ್ರ) ತಿರುಗುವುದು ಬರೀ ತೋರಿಕೆ.

ಮೂರು 7 ಒಂದೇ ಗೆರೆಯಲ್ಲಿ ನಿಂತರೆ ಜಾಕ್‌ಪಾಟ್, ಅಂದರೆ ದೊಡ್ಡ ಬಹುಮಾನ ಅಂದುಕೊಳ್ಳಿ. ಮೂರನೇ 7 ಗೆರೆಗಿಂತ ಚೂರು ಮೇಲೆ ನಿಂತಾಗ ‘ಛೇ, ಸ್ವಲ್ಪದರಲ್ಲಿ ತಪ್ಪಿತು’ ಅನ್ನಿಸುತ್ತೆ, ಅಲ್ವಾ? ಇಂಗೆ ಟೆಲ್ನೆಸ್ ಎಂಬುವವರಿಗೆ 1984ರಲ್ಲಿ ಪೇಟೆಂಟ್ ಸಿಕ್ಕ ವಿಧಾನದಲ್ಲಿ ಕಣ್ಣಿಗೆ ಕಾಣುವ ರೀಲೇ ಬೇರೆ, ಚಿಪ್‌ನೊಳಗಿನ ರೀಲೇ ಬೇರೆ. ಹೊರಗೆ 22 ಜಾಗವಿದ್ದರೆ ಒಳಗೆ 64 ಇರಬಹುದು. ಅದರಲ್ಲಿ ಜಾಕ್‌ಪಾಟ್ ಚಿಹ್ನೆಗೆ ಒಂದೇ ಕೊಟ್ಟು, ಪಕ್ಕದ ಖಾಲಿ ಜಾಗಕ್ಕೆ ಹಲವು ಕೊಡಬಹುದು. ಅದಕ್ಕೇ ಸ್ವಲ್ಪದರಲ್ಲಿ ತಪ್ಪಿದ ಹಾಗೆ ಮತ್ತೆ ಮತ್ತೆ ಕಾಣುವುದು. ಇನ್ನೊಂದು ಚಾಲಾಕಿ: 50 ಸೆಂಟ್ ಹಾಕಿದಿರಿ, 20 ವಾಪಸ್ ಬಂತು. ಗೆದ್ದವರ ಹಾಗೆ ಗಂಟೆ, ಸಂಗೀತ, ದೀಪ. ಹೋಗಿದ್ದು 30 ಸೆಂಟ್!

ಇನ್ನು ಆಯ್ಕೆ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ನಿಯಮದ ಪ್ರಕಾರ, ಹಾಕಿದ ದುಡ್ಡಿನಲ್ಲಿ ಕನಿಷ್ಠ 75% ಅನ್ನು ಮೆಷಿನ್ ಲೆಕ್ಕದಲ್ಲಿ ವಾಪಸ್ ಕೊಡುವಂತಿರಬೇಕು. ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿಯೇ ಕೊಡುತ್ತವೆ. ಒಂದು ಸೆಂಟಿನ ಮೆಷಿನ್ ನೂರಕ್ಕೆ ಸುಮಾರು 10 ಇಟ್ಟುಕೊಂಡರೆ, ಡಾಲರ್ ಮೆಷಿನ್ ಸುಮಾರು 8. ಹಾಗಂತ ಡಾಲರ್ ಮೆಷಿನ್‌ಗೆ ಓಡಬೇಡಿ. ಗಂಟೆಗೆ 500 ಸಲ ಒತ್ತಿದಿರಿ ಅಂದುಕೊಳ್ಳಿ. ಒಂದು ಸೆಂಟಿನ ಮೆಷಿನ್‌ನಲ್ಲಿ ಸಲಕ್ಕೆ 50 ಸೆಂಟಾದರೆ ಸರಾಸರಿ 25 ಡಾಲರ್ ಹೋಗುತ್ತದೆ. ಡಾಲರ್ ಮೆಷಿನ್‌ನಲ್ಲಿ ಸಲಕ್ಕೆ 3 ಡಾಲರ್ ಆದರೆ 120! ನೋಡಬೇಕಾದ್ದು ಈ ಲೆಕ್ಕವನ್ನೇ. ಹೆಸರಿಗೆ ಒಂದು ಸೆಂಟ್ ಅಂತಿದ್ದರೂ ಒಂದು ಸಲಕ್ಕೆ ಅದು ಕನಿಷ್ಠ ಎಷ್ಟು ಕೇಳುತ್ತದೆ ಅಂತ ಮೊದಲು ನೋಡಿ. ನಿಧಾನಕ್ಕೆ ಒತ್ತಿ.

ಮೆಗಾಬಕ್ಸ್‌ನಂಥ ದೊಡ್ಡ ಜಾಕ್‌ಪಾಟ್ ಮೆಷಿನ್‌ಗಳನ್ನು ನಾನಂತೂ ಬಿಡಿ ಅನ್ನುತ್ತೇನೆ. 2003ರಲ್ಲಿ ಒಬ್ಬರಿಗೆ 3.97 ಕೋಟಿ ಡಾಲರ್ ಹೊಡೆದದ್ದು ನಿಜ. ಆದರೆ ಆ ಮೊತ್ತ ಬೆಳೆಯುವುದು ಎಲ್ಲರೂ ಹಾಕುವ ದುಡ್ಡಿನ ಒಂದು ಪಾಲಿನಿಂದ. ಹಾಗಾಗಿ ಸಣ್ಣಪುಟ್ಟ ಗೆಲುವಿಗೆ ಅಲ್ಲಿ ಉಳಿಯುವುದು ಕಡಿಮೆ.

ಅಕಸ್ಮಾತ್ ದೊಡ್ಡ ಮೊತ್ತ ಬಂದರೆ ನಮ್ಮಂಥ ವಿದೇಶಿಯರಿಗೆ ಸಾಮಾನ್ಯವಾಗಿ 30% ತೆರಿಗೆ ಹಿಡಿದುಕೊಂಡೇ ಕೊಡುತ್ತಾರೆ. ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ.