ಪೈಲಟ್ ಜೆಟ್ ಬಿಚ್ಚದೆ ತೊಳೆದ ಕಾರ್ಬೊರೇಟರ್

ಬೆಳಗಾವಿಯ ನನ್ನ ಗ್ಯಾರೇಜಿಗೆ ಈಚೆಗೆ ಒಂದೇ ದೂರು ಹೊತ್ತ ಬೈಕುಗಳು ಮತ್ತೆ ಮತ್ತೆ ಬರುತ್ತಿವೆ. ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರನ್ನು ಮನೆಯಲ್ಲಿಯೇ ಅಲ್ಟ್ರಾಸಾನಿಕ್ ಯಂತ್ರದಲ್ಲಿ, ಅಂದರೆ ಶಬ್ದದ ಅಲೆಗಳ ಬಲದಿಂದ ತೊಳೆಯುವ ತೊಟ್ಟಿಯಲ್ಲಿ, ತೊಳೆದಿರುತ್ತಾರೆ, ಹೊರಮೈ ಹೊಸದರಂತೆ ಹೊಳೆಯುತ್ತಿರುತ್ತದೆ, ಆದರೆ ಚೋಕ್ ತೆಗೆದ ಕೂಡಲೇ ಎಂಜಿನ್ ನಿಂತುಬಿಡುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಗಾಡಿಗಳಲ್ಲಿ ಬಹುಪಾಲು ಕಾರ್ಬೊರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ನೇ ಇದ್ದರೂ, ನಮ್ಮ ಜಿಲ್ಲೆಯ ಹೊಲಮನೆಗಳಲ್ಲಿ ದುಡಿಯುತ್ತಿರುವ ಹಳೆಯ ಗಾಡಿಗಳಿಗೆ ಲೆಕ್ಕವಿಲ್ಲ. ಅವುಗಳನ್ನು ಸ್ವತಃ ನೋಡಿಕೊಳ್ಳುವವರ ಬಗ್ಗೆ ನನಗೆ ಗೌರವವಿದೆ.

ಕಳೆದ ಮಳೆಗಾಲದಲ್ಲಿ ಗೋಕಾಕ ಕಡೆಯ ಯುವಕನೊಬ್ಬ ತಂದೆಯ 100 ಸಿಸಿ ಗಾಡಿಯನ್ನು ತಂದಿದ್ದ. ‘ಅಣ್ಣಾರ, ಮೂರ ಸಲ ತೊಳದೀನ್ರಿ, ಆದ್ರೂ ಸ್ಲೋದಾಗ ನಿಲ್ಲವಲ್ದರಿ’ ಎಂದ. ಎಕ್ಸಲರೇಟರ್ ಬಿಟ್ಟರೆ ಎಂಜಿನ್ ಆರಿಹೋಗುತ್ತಿತ್ತು. ಕಾರ್ಬೊರೇಟರಿನ ತಳದ ಪೆಟ್ರೋಲ್ ಬೌಲ್ ಬಿಚ್ಚಿ ನೋಡಿದರೆ, ಗಾಡಿ ಓಡುವಾಗ ಪೆಟ್ರೋಲ್ ಬಿಡುವ ಮೇನ್ ಜೆಟ್ ಶುಭ್ರವಾಗಿತ್ತು. ಅದರ ಪಕ್ಕದ ಕುಳಿಯ ಆಳದಲ್ಲಿದ್ದ, ಸ್ಲೋದಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ಟನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಸ್ಕ್ರೂಡ್ರೈವರ್ ಕೂರುವ ಗೀರಿನಲ್ಲಿಯೇ ಒಣಗಿದ ಪೆಟ್ರೋಲಿನ ಕಂದು ಅಂಟು ತುಂಬಿತ್ತು. ಬಿಚ್ಚಿ ಬಲ್ಬಿಗೆ ಹಿಡಿದೆವು. ಬೆಳಕು ಕಾಣಲಿಲ್ಲ.

ಅಲ್ಟ್ರಾಸಾನಿಕ್ ಯಂತ್ರದ ವಿಷಯದಲ್ಲಿಯೇ ಬಹಳ ಜನ ತಪ್ಪು ತಿಳಿದಿದ್ದಾರೆ. ಶಬ್ದದ ಅಲೆಗಳು ಲೋಹವನ್ನು ಅಲುಗಾಡಿಸಿ ಕೊಳೆ ಉದುರಿಸುತ್ತವೆ ಎಂಬುದು ಅವರ ಎಣಿಕೆ. ವಾಸ್ತವದಲ್ಲಿ ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುವ ಯಂತ್ರದ ತಳವು ದ್ರವದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಹುಟ್ಟಿಸುತ್ತದೆ, ಆ ಗುಳ್ಳೆಗಳು ಕುಸಿಯುವಾಗಿನ ಹೊಡೆತಕ್ಕೆ ಕೊಳೆ ಬಿಡುತ್ತದೆ. ಅಂದರೆ ದ್ರವ ಇದ್ದಲ್ಲಿ ಮಾತ್ರ ಕೆಲಸ. ಒಂದು ಬದಿಯಲ್ಲಿ ಕಟ್ಟಿಕೊಂಡ ಜೆಟ್, ಇನ್ನೊಂದು ಬದಿಯಲ್ಲಿ ಬಿಗಿದ ಪೈಲಟ್ ಸ್ಕ್ರೂ (ಸ್ಲೋದ ಮಿಶ್ರಣ ಹೊಂದಿಸುವ ತಿರುಪು) ಇದ್ದರೆ ನಡುವಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ದ್ರವ ಒಳಗೆ ಹೋಗುವುದೇ ಇಲ್ಲ. ಅಂಥ ಕಾರ್ಬೊರೇಟರನ್ನು ಇಡೀ ದಿನ ಯಂತ್ರದಲ್ಲಿಟ್ಟರೂ ಹೊರಮೈ ಮಾತ್ರ ತೊಳೆದಂತಾಗುತ್ತದೆ. ಎಲ್ಲವನ್ನೂ ಬಿಚ್ಚಿದ ಮೇಲೂ ಬಾಡಿಯನ್ನು ದ್ರವದೊಳಗೆ ನಿಧಾನವಾಗಿ ಓರೆ ಮಾಡಿ, ಗಾಳಿಯ ಗುಳ್ಳೆ ಬರುವುದು ನಿಲ್ಲುವವರೆಗೆ ಹೊರಳಿಸಬೇಕು. ಐದೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕು.

ಪೈಲಟ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ತಿರುಗಿ ಕೂತಿತೆಂದು ಬರೆದಿಟ್ಟುಕೊಳ್ಳಿ, ಮತ್ತೆ ಜೋಡಿಸುವಾಗ ಅಷ್ಟೇ ಸುತ್ತು ಸಡಿಲಿಸಬೇಕು. ಕೆಲವು ಮಾದರಿಗಳಲ್ಲಿ ಪೈಲಟ್ ಜೆಟ್ ಒತ್ತಿ ಕೂರಿಸಿದ್ದಿರುತ್ತದೆ, ಅದನ್ನು ಕೀಳಲು ಹೋಗಬಾರದು. ನಿಮ್ಮದು ಯಾವುದೆಂದು ಕಂಪನಿಯ ಕೈಪಿಡಿಯಲ್ಲಿ ನೋಡುವುದೇ ಸರಿ. ರಬ್ಬರಿನ ಭಾಗಗಳು, ಡಯಾಫ್ರಾಮ್, ಫ್ಲೋಟ್, ರಬ್ಬರ್ ತುದಿಯ ಸೂಜಿ ಇವನ್ನೆಲ್ಲ ಹೊರಗಿಡಿ.

ತೊಟ್ಟಿಗೆ ಬಿಸಿನೀರು, ಅಲ್ಯೂಮಿನಿಯಮ್ಮಿಗೆ ಒಗ್ಗುವ ಸೌಮ್ಯ ಸೋಪಿನ ದ್ರಾವಣ ಸಾಕು; 50ರಿಂದ 60 ಡಿಗ್ರಿ ಕಾವು, ಒಟ್ಟು 15ರಿಂದ 20 ನಿಮಿಷ. ನಿಂಬೆರಸ, ಶೌಚಾಲಯ ತೊಳೆಯುವ ಆ್ಯಸಿಡ್ ಹಾಕಿದರೆ ಲೋಹ ಕಪ್ಪಾಗಿ ಸವೆಯುತ್ತದೆ. ತೊಟ್ಟಿಗೆ ಪೆಟ್ರೋಲನ್ನಾಗಲಿ ಥಿನ್ನರನ್ನಾಗಲಿ ಸುರಿಯಲೇಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಕರೆಂಟಿನ ಮೇಲೆ ನಡೆಯುವ, ಹೀಟರ್ ಇರುವ ಯಂತ್ರವದು. ಪೆಟ್ರೋಲಿನ ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ತೊಳೆದಾದ ಮೇಲೆ ಶುದ್ಧ ನೀರಿನಲ್ಲಿ ಜಾಲಿಸಿ, ಕನ್ನಡಕ ಹಾಕಿಕೊಂಡು ಪ್ರತಿ ದಾರಿಗೂ ಕಂಪ್ರೆಸರ್ ಗಾಳಿ ಹೊಡೆಯಿರಿ. ಒಂದು ತುದಿಯಲ್ಲಿ ಹೊಡೆದ ಗಾಳಿ ಮತ್ತೊಂದು ತುದಿಯಲ್ಲಿ ಬೆರಳಿಗೆ ತಾಗಬೇಕು. ಜೆಟ್ಟಿನ ತೂತಿಗೆ ತಂತಿ ತೂರಿಸಬೇಡಿ, ಹಿತ್ತಾಳೆ ಮೆದು, ತೂತು ಸ್ವಲ್ಪ ಹಿಗ್ಗಿದರೂ ಅಳತೆ ಕೆಡುತ್ತದೆ.

ಆ ಯುವಕನ ಜೆಟ್ ಎರಡನೆಯ ಸಲಕ್ಕೆ ತೆರೆದುಕೊಂಡಿತು, ಎಂಜಿನ್ ಸ್ಲೋದಲ್ಲಿ ಆರದೆ ನಡೆಯಿತು. ಆದರೂ ಕಳಿಸುವ ಮುನ್ನ ಪೆಟ್ರೋಲ್ ಟ್ಯಾಂಕ್ ಇಳಿಸಿ ಬಗ್ಗಿಸಿದೆವು. ಬಿಳಿ ಬಟ್ಟೆಯ ಮೇಲೆ ಒಂದು ಚಮಚದಷ್ಟು ತುಕ್ಕು ಬಿತ್ತು.