ಔಷಧ ಪರೀಕ್ಷೆಗೆ ಮಾನವ ಹೃದಯದ ಅಂಗಾಂಶ: ಬೆಳೆದು ಬಂದ ದಾರಿ

ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡೀನ್ ಮಾತ್ರೆಯನ್ನು 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಎರಡು ವರ್ಷಗಳ ನಂತರ, ಎದೆಯುರಿಗೆ ಬಳಕೆಯಲ್ಲಿದ್ದ ಸಿಸಾಪ್ರೈಡ್‌ಗೂ ಅದೇ ಗತಿಯಾಯಿತು. ಹೃದಯಕ್ಕೆ ಸಂಬಂಧವೇ ಇಲ್ಲದ ಕಾಯಿಲೆಗಳಿಗೆಂದು ಕೊಟ್ಟ ಈ ಔಷಧಗಳು ಕೆಲವರಲ್ಲಿ ಹೃದಯದ ಲಯವನ್ನು ಕೆಡಿಸಿ ಸಾವಿಗೂ ಕಾರಣವಾಗಿದ್ದವು.

ಎರಡೂ ಔಷಧಗಳು ತಡೆಯುತ್ತಿದ್ದುದು ಹರ್ಗ್ ಎಂಬ ಪೊಟ್ಯಾಸಿಯಂ ಚಾನೆಲನ್ನು, ಅಂದರೆ ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳು ಸಾಗುವ ದ್ವಾರವನ್ನು. ಪ್ರತಿ ಬಡಿತದ ನಂತರ ಹೃದಯದ ಜೀವಕೋಶವು ವಿದ್ಯುತ್ತಿನ ವಿರಾಮಸ್ಥಿತಿಗೆ ಮರಳಲು ಈ ಚಾನೆಲ್ ನೆರವಾಗುತ್ತದೆ. ಅದು ಮುಚ್ಚಿಕೊಂಡರೆ ಇಸಿಜಿಯಲ್ಲಿ ಕ್ಯೂಟಿ ಅವಧಿ (ಹೃದಯದ ಕೆಳಕೋಣೆಗಳು ವಿದ್ಯುತ್ತಿನಿಂದ ಪ್ರಚೋದನೆಗೊಂಡು ಮತ್ತೆ ವಿರಾಮಸ್ಥಿತಿಗೆ ಬರಲು ಹಿಡಿಯುವ ಸಮಯ) ಹಿಗ್ಗಿ, ಅಪಾಯಕಾರಿ ಲಯಭಂಗಕ್ಕೆ ದಾರಿಯಾಗುತ್ತದೆ. ಪ್ರಯೋಗಾಲಯದ ಸಣ್ಣ ಬಿಳಿ ಇಲಿಯ ಹೃದಯವಾದರೋ ನಿಮಿಷಕ್ಕೆ ಸುಮಾರು 500 ಬಾರಿ ಬಡಿಯುತ್ತದೆ, ಮತ್ತು ವಿರಾಮಸ್ಥಿತಿಗೆ ಮರಳಲು ಬಹುಮಟ್ಟಿಗೆ ಬೇರೆ ಚಾನೆಲ್‌ಗಳನ್ನೇ ಅವಲಂಬಿಸಿದೆ. ಆದ್ದರಿಂದ ಈ ಬಗೆಯ ಅಪಾಯವನ್ನು ಅದರಲ್ಲಿ ಹುಡುಕಿದರೆ ಸಿಗುವುದು ಕಷ್ಟ. 2005ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹರ್ಗ್ ಮತ್ತು ಕ್ಯೂಟಿ ಪರೀಕ್ಷೆಗಳನ್ನು ವಾಡಿಕೆಗೆ ತಂದವು. ಆದರೆ ಒಂದೇ ಚಾನೆಲ್ ನೋಡಿ ತೀರ್ಪು ಕೊಡುವುದೂ ಸರಿಯಲ್ಲ: ವೆರಾಪಮಿಲ್ ಔಷಧ ಹರ್ಗನ್ನು ತಡೆದರೂ ಜೊತೆಗೆ ಕ್ಯಾಲ್ಸಿಯಂ ಚಾನೆಲನ್ನೂ ತಡೆಯುವುದರಿಂದ ಆ ಲಯಭಂಗವನ್ನು ತರುವುದು ತೀರ ವಿರಳ. ಎಲ್ಲ ಚಾನೆಲ್‌ಗಳೂ ಒಟ್ಟಾಗಿ ದುಡಿಯುವ ಮಾನವ ಜೀವಕೋಶವೇ ಪರೀಕ್ಷೆಗೆ ಬೇಕೆಂಬ ವಾದಕ್ಕೆ ಬಲ ಬಂದದ್ದು ಇಲ್ಲಿಂದ.

ಅಂತಹ ಜೀವಕೋಶ ಸಿಗುವ ದಾರಿಯನ್ನು ಜಪಾನಿನ ಶಿನ್ಯಾ ಯಮನಾಕ ತೆರೆದರು. ವಯಸ್ಕರ ಚರ್ಮದ ಕೋಶಗಳನ್ನು ಆಕರಕೋಶಗಳ (ದೇಹದ ಯಾವುದೇ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶಗಳ) ಸ್ಥಿತಿಗೆ ಮರಳಿಸಬಹುದೆಂದು ಅವರ ತಂಡ 2007ರಲ್ಲಿ ತೋರಿಸಿತು. 2010ರ ಹೊತ್ತಿಗೆ, ಆನುವಂಶಿಕ ದೀರ್ಘ ಕ್ಯೂಟಿ ರೋಗವಿದ್ದವರ ಚರ್ಮದಿಂದ ಪಡೆದ ಹೃದಯಕೋಶಗಳು ಅದೇ ದೋಷವನ್ನು ತಟ್ಟೆಯಲ್ಲೇ ತೋರಿಸಿದವು. ಕೋಶಗಳನ್ನು ಅಂಗಾಂಶವಾಗಿ ಹೆಣೆಯುವ ಕಲೆ ಇದಕ್ಕೂ ಹಳೆಯದು; ಜರ್ಮನಿಯ ಥಾಮಸ್ ಎಶೆನ್‌ಹಾಗನ್ 1997ರಲ್ಲೇ ಕೋಳಿಭ್ರೂಣದ ಹೃದಯಕೋಶಗಳನ್ನು ಕೊಲಾಜನ್ ಎಂಬ ನಾರಿನಂತಹ ಪ್ರೋಟೀನಿನಲ್ಲಿ ಬೆಳೆಸಿ ಅವುಗಳ ಸಂಕೋಚನಬಲವನ್ನು ಅಳೆದಿದ್ದರು. ಎರಡು ಧಾರೆಗಳೂ ಕೂಡಿದ ಫಲವಾಗಿ 2014ರಲ್ಲಿ ಹಾರ್ವರ್ಡ್ ಸಂಶೋಧಕರು ಬಾರ್ತ್ ಸಿಂಡ್ರೋಮ್ ಎಂಬ ವಿರಳ ರೋಗದ ಅಂಗಾಂಶವನ್ನು ಚಿಪ್ ಮೇಲೆ ಬೆಳೆಸಿದರು. ಅದರ ಸಂಕೋಚನ ದುರ್ಬಲವಾಗಿತ್ತು. ಕೆಟ್ಟ ಜೀನಿನ ಸರಿಯಾದ ರೂಪವನ್ನು ಒದಗಿಸಿದಾಗ ಸುಧಾರಿಸಿತು.

ಇಷ್ಟಾದರೂ ಮುಖ್ಯ ತೊಡಕು ಉಳಿದೇ ಇದೆ, ಅದನ್ನು ಮರೆಮಾಚಬಾರದು: ಹೀಗೆ ಬೆಳೆದ ಕೋಶಗಳು ವಯಸ್ಕರ ಹೃದಯಕ್ಕಿಂತ ಭ್ರೂಣದ ಹೃದಯವನ್ನೇ ಹೆಚ್ಚು ಹೋಲುತ್ತವೆ. ವಿದ್ಯುತ್ ಪ್ರಚೋದನೆಯ ವೇಗವನ್ನು ಹಂತಹಂತವಾಗಿ ಹೆಚ್ಚಿಸಿ ಅಂಗಾಂಶವನ್ನು ಪಕ್ವಗೊಳಿಸುವ ವಿಧಾನವನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿತು. ಆದರೂ ಪೂರ್ಣ ಪಕ್ವತೆ ಇನ್ನೂ ಕೈಗೆಟುಕಿಲ್ಲ.

ಕಾನೂನು ಮಾತ್ರ ಮುಂದೆ ಸಾಗಿದೆ. ಪ್ರಾಣಿಪರೀಕ್ಷೆ ಕಡ್ಡಾಯವೆಂಬ ಅಂಶವನ್ನು ಅಮೆರಿಕ 2022ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಭಾರತವೂ 2023ರಲ್ಲಿ ತನ್ನ ಹೊಸ ಔಷಧ ನಿಯಮಗಳಿಗೆ ತಿದ್ದುಪಡಿ ತಂದು ಮಾನವ ಕೋಶಗಳಿಂದ ಬೆಳೆಸಿದ ಇಂತಹ ಮಾದರಿಗಳಿಗೆ ಮಾನ್ಯತೆ ನೀಡಿತು. ನಮಗೆ ಇದರ ಅಗತ್ಯ ಇನ್ನೂ ಹೆಚ್ಚು. ಹೃದಯಸ್ನಾಯುವಿನ ಒಂದು ಪ್ರೋಟೀನನ್ನು ರೂಪಿಸುವ ಎಂವೈಬಿಪಿಸಿ3 ಜೀನಿನಲ್ಲಿ ಡಿಎನ್‌ಎಯ 25 ಅಕ್ಷರಗಳು ಕಾಣೆಯಾಗಿರುವ, ಹೃದಯ ವೈಫಲ್ಯದ ಅಪಾಯವನ್ನು ಹೆಚ್ಚಿಸುವ ರೂಪಾಂತರವು ಭಾರತೀಯರಲ್ಲಿ ಸುಮಾರು ಶೇ 4ರಷ್ಟು ಮಂದಿಯಲ್ಲಿದೆಯೆಂದು 2009ರಲ್ಲಿ ವರದಿಯಾಯಿತು. ಅದನ್ನು ಹೊತ್ತವರೆಲ್ಲರಿಗೂ ರೋಗ ಬರುವುದಿಲ್ಲ. ಯಾರಿಗೆ ಬರುತ್ತದೆ, ಏಕೆ ಬರುತ್ತದೆ ಎಂಬುದನ್ನು ವಿದೇಶಿ ದಾನಿಗಳ ಕೋಶಗಳಿಂದ ಬೆಳೆಸಿದ ಅಂಗಾಂಶ ಹೇಳಲಾರದು. ಇಲ್ಲಿನ ಕುಟುಂಬಗಳ ಕೋಶಗಳೇ ಬೇಕು.